ಅರ್ಧ ಜೀವ ಮರಳಿದ ಅಕ್ಕ: ಜಪಾನಿನ ‘ಕ್ಯಾಟ್ ಸೂಪ್’ ಚಿತ್ರವನ್ನು ನೋಡುವ ಬಗೆ

ಸ್ನಾನದ ತೊಟ್ಟಿಯ ಬಳಿ ಆಟವಾಡುತ್ತಿದ್ದ ಪುಟ್ಟ ಬೆಕ್ಕಿನ ಮರಿಯೊಂದು ಆಯತಪ್ಪಿ ನೀರಿಗೆ ಬೀಳುತ್ತದೆ. ಉಸಿರು ಕಟ್ಟುತ್ತಿರುವ ಆ ಗಳಿಗೆಯಲ್ಲಿ, ಕಾಯಿಲೆ ಬಿದ್ದು ಮಲಗಿದ್ದ ತನ್ನ ಅಕ್ಕ ಯಾರದೋ ಕೈ ಹಿಡಿದು ಮನೆಯಿಂದ ಹೊರಟು ಹೋಗುತ್ತಿರುವುದು ಅದಕ್ಕೆ ಕಾಣಿಸುತ್ತದೆ. ಮರಿ ಬೆನ್ನಟ್ಟಿ ಓಡಿ ಅಕ್ಕನ ಕೈಯನ್ನು ಹಿಡಿದು ಎಳೆಯುತ್ತದೆ. ಕರೆದೊಯ್ಯುವವನು ಬಿಡುವುದಿಲ್ಲ, ತಮ್ಮನೂ ಬಿಡುವುದಿಲ್ಲ. ಎಳೆದಾಟದಲ್ಲಿ ಅಕ್ಕ ಎರಡು ಹೋಳಾಗುತ್ತಾಳೆ. ಒಂದು ಹೋಳು ತಮ್ಮನ ಕೈಯಲ್ಲಿ ಉಳಿಯುತ್ತದೆ, ಇನ್ನೊಂದು ಹೊರಟುಹೋಗುತ್ತದೆ.

2001ರಲ್ಲಿ ಜಪಾನಿನಲ್ಲಿ ತಯಾರಾದ ‘ನೆಕೋಜಿರು-ಸೋ’ ಎಂಬ ಅನಿಮೇಷನ್ ಕಿರುಚಿತ್ರ ಆರಂಭವಾಗುವುದು ಹೀಗೆ. ಜಪಾನೀ ಭಾಷೆಯಲ್ಲಿ ‘ನೆಕೋ’ ಎಂದರೆ ಬೆಕ್ಕು, ‘ಜಿರು’ ಎಂದರೆ ಸಾರು, ‘ಸೋ’ ಎಂದರೆ ಹುಲ್ಲು. ಹೊರಜಗತ್ತಿಗೆ ಈ ಚಿತ್ರ ‘ಕ್ಯಾಟ್ ಸೂಪ್’ ಎಂಬ ಹೆಸರಿನಿಂದ ಪರಿಚಿತವಾಗಿದೆ. ನಿರ್ದೇಶಕರು ತತ್ಸುವೊ ಸಾತೋ. ಅವರೊಂದಿಗೆ ಚಿತ್ರಕಥೆಯಲ್ಲಿಯೂ ದೃಶ್ಯಸಂಯೋಜನೆಯಲ್ಲಿಯೂ ಕೈಜೋಡಿಸಿದವರು ಮುಂದೆ ಜಗತ್ಪ್ರಸಿದ್ಧರಾದ ಮಸಾಕಿ ಯುವಾಸ. ನಿರ್ಮಿಸಿದ ಸಂಸ್ಥೆ ಜೆ.ಸಿ.ಸ್ಟಾಫ್. ಅವಧಿ ಸುಮಾರು 34 ನಿಮಿಷ.

ಈ ಚಿತ್ರವನ್ನು ಮೊದಲ ಬಾರಿಗೆ ನೋಡಿದವರ ಬಾಯಿಂದ ಸಾಮಾನ್ಯವಾಗಿ ಹೊರಡುವ ಪ್ರಶ್ನೆ ಒಂದೇ: “ಇದರ ಅರ್ಥವೇನು?” ಹಂದಿಯ ಹೊಟ್ಟೆಗೆ ಜಿಪ್ ಇರುತ್ತದೆ, ಮರಳುಗಾಡಿನಲ್ಲಿ ನೀರಿನಿಂದಲೇ ಆದ ಆನೆ ನಡೆದು ಬರುತ್ತದೆ, ಕಾಲ ನಿಂತುಹೋಗುತ್ತದೆ, ಮತ್ತೆ ಹಿಂದಕ್ಕೆ ಓಡುತ್ತದೆ. ನೋಡುಗ ಒಂದೊಂದು ಬಿಂಬವನ್ನೂ ಒಗಟಿನಂತೆ ಬಿಡಿಸಲು ಹೊರಡುತ್ತಾನೆ, ಹತ್ತು ನಿಮಿಷಗಳಲ್ಲಿ ಸೋಲುತ್ತಾನೆ. ಬಳಿಕ “ಇದು ಅಮಲಿನಲ್ಲಿ ಮಾಡಿದ ಚಿತ್ರ” ಎಂದು ಬದಿಗಿಡುತ್ತಾನೆ. ಇಂತಹ ಚಿತ್ರಗಳನ್ನು ‘ಸೈಕೆಡೆಲಿಕ್’ ಎಂಬ ಒಂದೇ ಮಾತಿನಲ್ಲಿ ವರ್ಣಿಸಿ ಮುಗಿಸುವ ರೂಢಿಯೂ ಇದೆ. ಆದರೆ ‘ಕ್ಯಾಟ್ ಸೂಪ್’ ಮೂಲತಃ ಅತ್ಯಂತ ಸರಳವಾದ, ಯಾವ ಅಜ್ಜಿಕಥೆಯಲ್ಲಿಯೂ ಬರಬಹುದಾದ ಒಂದು ಕಥೆ. ಅದರ ವಿಚಿತ್ರಗಳೆಲ್ಲ ಆ ಕಥೆಯ ದುಃಖದಿಂದಲೇ ಹುಟ್ಟಿವೆ. ಅದನ್ನು ಹಿಡಿದು ಹೊರಟರೆ ಚಿತ್ರ ತಾನಾಗಿ ತೆರೆದುಕೊಳ್ಳುತ್ತದೆ.

‘ಸೈಕೆಡೆಲಿಕ್’ ಎಂಬ ಮಾತು

ಮೊದಲಿಗೆ ಈ ಪದದ ವಿಚಾರ. 1956ರಲ್ಲಿ ಬ್ರಿಟಿಷ್ ಮನೋವೈದ್ಯ ಹಂಫ್ರಿ ಆಸ್ಮಂಡ್, ಲೇಖಕ ಆಲ್ಡಸ್ ಹಕ್ಸ್‌ಲಿಯೊಂದಿಗೆ ನಡೆಸಿದ ಪತ್ರವ್ಯವಹಾರದಲ್ಲಿ ಇದನ್ನು ಟಂಕಿಸಿದರು. ಗ್ರೀಕ್ ಮೂಲದ ಎರಡು ಪದಗಳನ್ನು ಕೂಡಿಸಿ ರಚಿಸಿದ ಇದರ ಅರ್ಥ ‘ಮನಸ್ಸನ್ನು ಪ್ರಕಟಗೊಳಿಸುವಂಥದ್ದು’ ಎಂದು. ಆಗ ಅದು ಕೆಲವು ಬಗೆಯ ರಾಸಾಯನಿಕಗಳ ಪರಿಣಾಮಕ್ಕೆ ಅನ್ವಯಿಸಿದ ವೈದ್ಯಕೀಯ ಪದವಾಗಿತ್ತು. 1960ರ ದಶಕದಲ್ಲಿ ಅಮೆರಿಕ ಹಾಗೂ ಇಂಗ್ಲೆಂಡಿನ ಯುವಸಂಸ್ಕೃತಿ ಅದನ್ನು ಸಂಗೀತಕ್ಕೆ, ಭಿತ್ತಿಪತ್ರಗಳಿಗೆ, ಉಡುಪಿಗೆ ಅಂಟಿಸಿತು. ಕಣ್ಣು ಕುಕ್ಕುವ ಬಣ್ಣ, ಕರಗಿ ಹರಿಯುವ ಆಕೃತಿ, ಸುತ್ತಿ ಸುಳಿಯುವ ರೇಖೆ ಇವೆಲ್ಲ ಅದರ ಗುರುತುಗಳಾದವು.

ಜಪಾನಿನಲ್ಲಿಯೂ ಇದೇ ಕಾಲದಲ್ಲಿ ಪ್ರಯೋಗಗಳು ನಡೆದವು. ಯೋಜಿ ಕುರಿ, ರ್ಯೋಹೈ ಯಾನಾಗಿಹಾರ, ಹಿರೋಷಿ ಮನಾಬೆ ಎಂಬ ಮೂವರು ಕಲಾವಿದರು 1960ರಲ್ಲಿ ಒಂದು ಬಳಗ ಕಟ್ಟಿಕೊಂಡು, ಟೋಕಿಯೋದ ಸೋಗೆತ್ಸು ಕಲಾಕೇಂದ್ರದಲ್ಲಿ ತಮ್ಮ ಅನಿಮೇಷನ್ ಕಿರುಚಿತ್ರಗಳನ್ನು ತೋರಿಸಲಾರಂಭಿಸಿದರು. ಅನಿಮೇಷನ್ ಎಂದರೆ ಮಕ್ಕಳ ರಂಜನೆ ಎಂಬ ಭಾವನೆಯನ್ನು ಅಲ್ಲಿ ಮುರಿಯಲಾಯಿತು. ವಿನ್ಯಾಸಕಾರ ತಾದನೋರಿ ಯೋಕೋ ತಮ್ಮ ಭಿತ್ತಿಪತ್ರಗಳಿಗೆ ಚಲನೆ ನೀಡಿ 1964ರಲ್ಲಿ ಕಿರುಚಿತ್ರಗಳನ್ನು ರಚಿಸಿದರು.

ಈ ಪೀಳಿಗೆಯ ಕೇಯಿಚಿ ತನಾಮಿ ಅವರ ಉದಾಹರಣೆ ವಿಶೇಷವಾಗಿ ಗಮನಾರ್ಹ. 1936ರಲ್ಲಿ ಟೋಕಿಯೋದಲ್ಲಿ ಜನಿಸಿ 2024ರಲ್ಲಿ ನಿಧನರಾದ ತನಾಮಿ, 1971ರಲ್ಲಿ ‘ಗುಡ್‌ಬೈ ಮರ್ಲಿನ್’, ‘ಗುಡ್‌ಬೈ ಎಲ್ವಿಸ್ ಆ್ಯಂಡ್ ಯುಎಸ್‌ಎ’ ಮುಂತಾದ ಅನಿಮೇಷನ್ ಚಿತ್ರಗಳನ್ನು ರಚಿಸಿದವರು. ಅವರ ಚಿತ್ರಗಳಲ್ಲಿ ವಿಕಾರಗೊಂಡ ಹೊಂಬಣ್ಣದ ಮೀನುಗಳು ಮತ್ತೆ ಮತ್ತೆ ಬರುತ್ತವೆ. ಮೇಲ್ನೋಟಕ್ಕೆ ಇವು ಅಮಲಿನ ಕಲ್ಪನೆಗಳಂತೆ ತೋರುತ್ತವೆ. ಆದರೆ ಅವುಗಳ ಮೂಲ ಬೇರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಮಾನಗಳು ಟೋಕಿಯೋದ ಮೇಲೆ ಬಾಂಬು ಸುರಿಸುತ್ತಿದ್ದಾಗ, ಬಾಲಕ ತನಾಮಿ ತಾತನ ಮನೆಯ ಮೀನಿನ ತೊಟ್ಟಿಯಲ್ಲಿ ಆ ಬೆಂಕಿಯ ಬೆಳಕು ಪ್ರತಿಫಲಿಸಿ ಮೀನುಗಳು ಹೊಳೆಯುವುದನ್ನು ಕಂಡಿದ್ದರು. ಆ ನೋಟ ಜೀವನವಿಡೀ ಅವರನ್ನು ಬಿಡಲಿಲ್ಲ. ನಮಗೆ ಭ್ರಮೆಯಂತೆ ಕಾಣುವುದು ಅವರಿಗೆ ನೆನಪಾಗಿತ್ತು.

ವಿಚಿತ್ರ ಬಿಂಬವೊಂದನ್ನು ಕಂಡೊಡನೆ ‘ಯಾವ ಅಮಲಿನ ಫಲ ಇದು’ ಎಂದು ಕೇಳುವುದಕ್ಕಿಂತ ‘ಯಾವ ಅನುಭವದ ಗುರುತು ಇದು’ ಎಂದು ಕೇಳುವುದು ಹೆಚ್ಚು ಫಲಕಾರಿ ಎಂಬುದಕ್ಕೆ ಇದು ನಿದರ್ಶನ. ‘ಕ್ಯಾಟ್ ಸೂಪ್’ ವಿಷಯದಲ್ಲಿ ಈ ಪ್ರಶ್ನೆ ನಮ್ಮನ್ನು ಆ ಬೆಕ್ಕುಗಳನ್ನು ಮೊದಲು ಬರೆದ ಕಲಾವಿದೆಯ ಬಳಿಗೆ ಕರೆದೊಯ್ಯುತ್ತದೆ.

ನೆಕೋಜಿರು ಎಂಬ ಕಲಾವಿದೆ

‘ನೆಕೋಜಿರು’ ಎಂಬುದು ಒಬ್ಬ ಮಹಿಳಾ ಮಾಂಗಾ ಕಲಾವಿದೆಯ ಕಾವ್ಯನಾಮ. ಮಾಂಗಾ ಎಂದರೆ ಜಪಾನಿನ ಚಿತ್ರಕಥೆ. ಆಕೆಯ ಬೆಕ್ಕುಗಳು ಮೊದಲು ಕಾಣಿಸಿಕೊಂಡದ್ದು 1990ರಲ್ಲಿ ‘ಗಾರೋ’ ಮಾಸಪತ್ರಿಕೆಯಲ್ಲಿ. ಕತ್ಸುಯಿಚಿ ನಾಗಾಯಿ 1964ರಲ್ಲಿ ಸ್ಥಾಪಿಸಿದ ಈ ಪತ್ರಿಕೆ, ದೊಡ್ಡ ಪ್ರಕಾಶಕರು ಮುಟ್ಟಲು ಹಿಂಜರಿಯುತ್ತಿದ್ದ ಪ್ರಾಯೋಗಿಕ ಚಿತ್ರಕಥೆಗಳಿಗೆ ಆಶ್ರಯ ನೀಡಿದ್ದು ಜಪಾನಿನ ಚಿತ್ರಕಥೆಗಳ ಇತಿಹಾಸದಲ್ಲಿ ಪ್ರಸಿದ್ಧ ಸಂಗತಿ.

ಆಕೆಯ ರೇಖೆಗಳು ಅತಿ ಸರಳ. ದುಂಡನೆಯ ದೊಡ್ಡ ತಲೆ, ಅಗಲವಾದ ಕಣ್ಣು, ಪುಟ್ಟ ದೇಹ. ಮಗುವೊಂದು ಬರೆದಂತಿರುವ ಈ ಮುದ್ದು ಬೆಕ್ಕುಗಳು ಮಾಡುವ ಕೆಲಸಗಳು ಮಾತ್ರ ಮುದ್ದಾಗಿರುವುದಿಲ್ಲ. ತಮಗಿಂತ ದುರ್ಬಲವಾದ ಪ್ರಾಣಿಗಳನ್ನು ಅವು ಹಿಂಸಿಸುತ್ತವೆ, ಕೊಲ್ಲುತ್ತವೆ, ತಿನ್ನುತ್ತವೆ. ಪಶ್ಚಾತ್ತಾಪವಿಲ್ಲ, ನೀತಿಪಾಠವೂ ಇಲ್ಲ. ಇರುವೆಯ ಸಾಲನ್ನು ಕಾಲಿನಿಂದ ಒರೆಸುವ ಮಗುವಿನ ಮುಖದಲ್ಲಿ ಕಾಣುವ ನಿರ್ಲಿಪ್ತತೆ ಅವುಗಳ ಮುಖದಲ್ಲಿದೆ. ನೆಕೋಜಿರು ಅವರ ಪತಿ ಹಾಜಿಮೆ ಯಾಮಾನೋ ಕೂಡ ಮಾಂಗಾ ಕಲಾವಿದರು. ದಂಪತಿಗಳು ಭಾರತಕ್ಕೂ ಬಂದಿದ್ದರು. ಆ ಪ್ರವಾಸದ ಅನುಭವಗಳನ್ನು ನೆಕೋಜಿರು ತಮ್ಮದೇ ಶೈಲಿಯ ಚಿತ್ರರೂಪದ ಪ್ರವಾಸಕಥನವಾಗಿಸಿದರು. ಅದು 1998ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು.

ಅದೇ 1998ರ ಮೇ ತಿಂಗಳಲ್ಲಿ, ತಮ್ಮ 31ನೆಯ ವಯಸ್ಸಿನಲ್ಲಿ, ನೆಕೋಜಿರು ಆತ್ಮಹತ್ಯೆ ಮಾಡಿಕೊಂಡರು. ಜನಪ್ರಿಯತೆ ಏರುತ್ತಿದ್ದ ಕಾಲವದು. ಯಾಮಾನೋ ಬಳಿಕ ‘ನೆಕೋಜಿರು ವೈ’ ಎಂಬ ಹೆಸರಿನಲ್ಲಿ ಆ ಬೆಕ್ಕುಗಳನ್ನು ಬರೆಯುವುದನ್ನು ಮುಂದುವರಿಸಿದರು. 1999ರಲ್ಲಿ ಅವುಗಳನ್ನು ಆಧರಿಸಿದ ಪುಟ್ಟ ಕಂತುಗಳು ಟಿವಿಯಲ್ಲಿ ಬಂದವು. ‘ಕ್ಯಾಟ್ ಸೂಪ್’ ಅದಾದ ಮೇಲೆ, 2001ರಲ್ಲಿ ಬಂತು. ಹಾಗಾಗಿ ಈ ಚಿತ್ರವನ್ನು ಕಲಾವಿದೆಯ ಕೊನೆಯ ಸಂದೇಶವೆಂದು ಓದುವುದು ತಪ್ಪಾದೀತು. ಇದನ್ನು ಮಾಡಿದವರು ಆಕೆಯಲ್ಲ, ಆಕೆ ಹೋದ ಮೇಲೆ ಉಳಿದವರು. ಉಳಿದವರ ಕೈಯಲ್ಲಿದ್ದದ್ದು ಆಕೆಯ ಬೆಕ್ಕುಗಳು ಮಾತ್ರ. ಚಿತ್ರ ನೋಡುವಾಗ ಈ ಸಂಗತಿ ನೆನಪಿನಲ್ಲಿರಬೇಕು.

ಚಿತ್ರ ಹೇಳುವ ಕಥೆ

ಅಕ್ಕನ ಹೆಸರು ನ್ಯಾಕೋ, ತಮ್ಮನ ಹೆಸರು ನ್ಯಾತ್ತಾ. ಅರ್ಧ ಆತ್ಮವನ್ನು ಹಿಡಿದು ನ್ಯಾತ್ತಾ ಮರಳಿದಾಗ ಮನೆಯಲ್ಲಿ ಅಕ್ಕನ ದೇಹ ಚಾಪೆಯ ಮೇಲಿನ ಹಾಸಿಗೆಯಲ್ಲಿದೆ, ವೈದ್ಯರು ಆಸೆ ಬಿಟ್ಟಿದ್ದಾರೆ. ತಮ್ಮ ಆ ಅರ್ಧವನ್ನು ದೇಹಕ್ಕೆ ಸೇರಿಸುತ್ತಾನೆ. ಅಕ್ಕ ಕಣ್ಣು ತೆರೆಯುತ್ತಾಳೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆದರೆ ಎದ್ದವಳು ಹಳೆಯ ಅಕ್ಕನಲ್ಲ. ಕೈಹಿಡಿದರೆ ನಡೆಯುತ್ತಾಳೆ, ಕೂರಿಸಿದರೆ ಕೂರುತ್ತಾಳೆ. ನೋಟ ಮಾತ್ರ ಎಲ್ಲಿಯೂ ನಿಲ್ಲುವುದಿಲ್ಲ. ಕಳೆದ ಅರ್ಧವನ್ನು ಮರಳಿಸಬಲ್ಲ ಹೂವೊಂದಿದೆ. ಅದನ್ನು ಅರಸಿ ತಮ್ಮ ಅಕ್ಕನ ಕೈಹಿಡಿದು ಹೊರಡುತ್ತಾನೆ.

ಮುಂದಿನದೆಲ್ಲ ಈ ಪಯಣ. ಸರ್ಕಸ್ಸಿನ ಡೇರೆಯಲ್ಲಿ ಜಾದೂಗಾರನೊಬ್ಬ ದೇಹವೊಂದನ್ನು ತುಂಡರಿಸಿ ಮತ್ತೆ ಕೂಡಿಸುತ್ತಾನೆ. ಅಲ್ಲಿಂದಲೇ ನೆರೆಯೊಂದು ಉಕ್ಕಿ ಲೋಕವನ್ನು ಮುಳುಗಿಸುತ್ತದೆ. ಅಕ್ಕತಮ್ಮಂದಿರು ಒಂದು ಹಂದಿಯೊಂದಿಗೆ ದೋಣಿಯಲ್ಲಿ ತೇಲುತ್ತಾರೆ. ಹಸಿವಾದಾಗ ಹಂದಿಯ ಮೈಯ ಜಿಪ್ ಎಳೆದು ಮಾಂಸ ತೆಗೆದು ತಿನ್ನುತ್ತಾರೆ. ನೀರೆಲ್ಲ ಬತ್ತಿ ಮರಳುಗಾಡಾಗುತ್ತದೆ. ಬಾಯಾರಿದವರ ಎದುರಿಗೆ ನೀರಿನ ಆನೆ ಬರುತ್ತದೆ, ಬಿಸಿಲಿಗೆ ಆವಿಯಾಗುತ್ತದೆ. ಬಂಗಲೆಯೊಂದರ ವಿಲಕ್ಷಣ ಯಜಮಾನ ಅವರಿಗೆ ಔತಣ ನೀಡಿ, ಬಳಿಕ ಅವರನ್ನೇ ಸಾರಿನ ಕೊಪ್ಪರಿಗೆಗೆ ಹಾಕಲು ಹೊರಡುತ್ತಾನೆ. ಚಿತ್ರದ ಹೆಸರಿಗೆ ಇಲ್ಲಿ ನೇರ ಅರ್ಥ ಬರುತ್ತದೆ. ಅಲ್ಲಿಂದ ಪಾರಾದರೆ ಕಾಲವೇ ಕೆಟ್ಟು ನಿಲ್ಲುತ್ತದೆ. ಕೊನೆಗೊಮ್ಮೆ ಹೂವು ಸಿಗುತ್ತದೆ.

ಕಾಯಿಲೆಯವರಿಗಾಗಿ ಹೂವನ್ನೋ ಬೇರನ್ನೋ ಅರಸಿ ಹೋಗುವ ಕಥೆ ಯಾವ ನಾಡಿನ ಮಕ್ಕಳಿಗೆ ಗೊತ್ತಿಲ್ಲ? ಕಾಡು, ಕಡಲು, ಮರಳುಗಾಡು, ಮನುಷ್ಯರನ್ನು ತಿನ್ನುವವನ ಮನೆ ಇವೆಲ್ಲ ಇಂತಹ ಕಥೆಗಳ ಹಳೆಯ ನಿಲ್ದಾಣಗಳೇ. ಹಾಗಾಗಿ ಮೊದಲ ನೋಟದಲ್ಲಿ ದಾರಿ ತಪ್ಪಿದಂತೆ ಎನಿಸಿದಾಗಲೆಲ್ಲ ನೋಡುಗರು ಒಂದೇ ಒಂದನ್ನು ಗಮನಿಸಿದರೆ ಸಾಕು: ತಮ್ಮ ಅಕ್ಕನ ಕೈಯನ್ನು ಹಿಡಿದಿದ್ದಾನೆಯೇ, ಅಕ್ಕನ ಕಣ್ಣಿನಲ್ಲಿ ಏನಾದರೂ ಬದಲಾಯಿತೇ? ಕಥೆ ಎಲ್ಲಿದೆ ಎಂಬುದನ್ನು ಅದೇ ತಿಳಿಸುತ್ತದೆ.

ಕೈಹಿಡಿದು ಕರೆದೊಯ್ದವನು ಯಾರು?

ಜಪಾನೀ ನೋಡುಗರಿಗೆ ಹೇಳದೆಯೇ ತಿಳಿಯುವ, ನಮಗೆ ವಿವರಿಸಬೇಕಾದ ಒಂದು ಸಂಗತಿ ಇಲ್ಲಿದೆ. ಅಕ್ಕನನ್ನು ಕರೆದೊಯ್ಯುವ ಆಕೃತಿ ‘ಜಿಜೋ’ ವಿಗ್ರಹವನ್ನು ನೆನಪಿಸುತ್ತದೆ. ಜಿಜೋ ಎಂಬುದು ಬೌದ್ಧರ ಕ್ಷಿತಿಗರ್ಭ ಬೋಧಿಸತ್ವನ ಜಪಾನೀ ಹೆಸರು. ಭಾರತದಲ್ಲಿ ಹುಟ್ಟಿದ ಈ ಹೆಸರು ಚೀನಾದ ಮೂಲಕ ಜಪಾನನ್ನು ತಲುಪಿ ಅಲ್ಲಿ ಮನೆಮಾತಾಯಿತು. ನರಕಗಳೆಲ್ಲ ಬರಿದಾಗುವವರೆಗೆ ತಾನು ಬುದ್ಧನಾಗಲೊಲ್ಲೆ ಎಂದು ಪಣ ತೊಟ್ಟವನು ಈತ ಎಂಬ ನಂಬಿಕೆಯಿದೆ. ಜಪಾನಿನ ದಾರಿಬದಿಗಳಲ್ಲಿ, ಸ್ಮಶಾನಗಳಲ್ಲಿ, ಬೋಳು ತಲೆಯ ಪುಟ್ಟ ಕಲ್ಲಿನ ಜಿಜೋ ವಿಗ್ರಹಗಳು ಕಾಣಸಿಗುತ್ತವೆ. ಕೊರಳಿಗೆ ಕೆಂಪು ಬಟ್ಟೆ ಕಟ್ಟಿರುತ್ತಾರೆ. ಪ್ರಯಾಣಿಕರಿಗೂ, ಅದಕ್ಕಿಂತ ಹೆಚ್ಚಾಗಿ ಎಳವೆಯಲ್ಲಿಯೇ ತೀರಿಕೊಂಡ ಮಕ್ಕಳಿಗೂ ಆತ ರಕ್ಷಕ.

ನಮ್ಮ ವೈತರಣಿಯಂತೆ ಜಪಾನೀಯರ ನಂಬಿಕೆಯಲ್ಲಿಯೂ ಸತ್ತವರು ದಾಟಬೇಕಾದ ನದಿಯೊಂದಿದೆ, ಅದರ ಹೆಸರು ಸಾನ್‌ಜು. ತಂದೆತಾಯಿಗಿಂತ ಮೊದಲೇ ಸತ್ತ ಮಕ್ಕಳು ಅದರ ದಂಡೆಯಲ್ಲಿ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಕುಳಿತಿರುತ್ತವೆಯಂತೆ. ರಾಕ್ಷಸರು ಬಂದು ಅದನ್ನು ಕೆಡವುತ್ತಾರೆ, ಮಕ್ಕಳು ಮತ್ತೆ ಪೇರಿಸುತ್ತವೆ. ಜಿಜೋ ಬಂದು ಅವನ್ನು ತನ್ನ ನಿಲುವಂಗಿಯ ಮರೆಯಲ್ಲಿ ಕಾಪಾಡುತ್ತಾನೆ.

ಇದನ್ನು ತಿಳಿದು ನೋಡಿದರೆ ಆರಂಭದ ದೃಶ್ಯದ ತೂಕವೇ ಬದಲಾಗುತ್ತದೆ. ಅಕ್ಕನ ಕೈಹಿಡಿದವನು ಭಯಂಕರ ಯಮದೂತನಲ್ಲ, ಸತ್ತ ಮಕ್ಕಳನ್ನು ಸಲಹುವ ಕರುಣಾಳು. ಹೋಗಬೇಕಾದ ದಾರಿಯಲ್ಲಿ ಆಕೆ ನೆಮ್ಮದಿಯಾಗಿಯೇ ಹೋಗುತ್ತಿದ್ದಳು. ಎಳೆದು ಹರಿದದ್ದು ತಮ್ಮನ ಪ್ರೀತಿ. ಕಳುಹಿಸಿಕೊಡಲು ಒಪ್ಪದ ಪ್ರೀತಿ ಅಕ್ಕನನ್ನು ಪೂರ್ತಿಯಾಗಿ ಉಳಿಸಲೂ ಇಲ್ಲ, ಪೂರ್ತಿಯಾಗಿ ಹೋಗಲೂ ಬಿಡಲಿಲ್ಲ. ಆದರೂ ಚಿತ್ರ ತಮ್ಮನನ್ನು ದೂರುವುದಿಲ್ಲ. ಅಷ್ಟು ಪುಟ್ಟವನು ಬೇರೇನು ಮಾಡಬಲ್ಲ?

ಮಾತಿಲ್ಲದ ಚಿತ್ರದ ವ್ಯಾಕರಣ

ಚಿತ್ರದಲ್ಲಿ ಸಂಭಾಷಣೆ ಕೇಳಿಬರುವುದು ಇಲ್ಲವೆಂಬಷ್ಟು ಕಡಿಮೆ. ಹೇಳಲೇಬೇಕಾದ ಮಾತುಗಳು ಚಿತ್ರಕಥೆಗಳಲ್ಲಿರುವಂತೆ ಗುಳ್ಳೆಗಳೊಳಗೆ ಬರಹವಾಗಿ ಮೂಡುತ್ತವೆ. ಇದರಿಂದ ಎರಡು ಪರಿಣಾಮಗಳಾಗಿವೆ. ಒಂದು, ಜಪಾನೀ ಭಾಷೆ ಬಾರದವರಿಗೂ ಚಿತ್ರ ಬಹುಪಾಲು ನೇರವಾಗಿ ತಲುಪುತ್ತದೆ. ಎರಡು, ಯಾರೂ ಯಾವುದನ್ನೂ ವಿವರಿಸುವುದಿಲ್ಲವಾದ್ದರಿಂದ, ಮಾತು ಕಲಿಯುವ ಮೊದಲಿನ ಮಗುವಿನ ಸ್ಥಿತಿಗೆ ನೋಡುಗನೂ ಹೋಗುತ್ತಾನೆ. ಆ ವಯಸ್ಸಿನಲ್ಲಿ ನೆರೆ ಯಾಕೆ ಬಂತು, ಅಕ್ಕ ಯಾಕೆ ಮಾತನಾಡುತ್ತಿಲ್ಲ, ದೊಡ್ಡವರು ಯಾಕೆ ಪಿಸುಗುಡುತ್ತಿದ್ದಾರೆ ಎಂಬುದಕ್ಕೆ ಕಾರಣಗಳಿರುವುದಿಲ್ಲ. ಸಂಗತಿಗಳು ಸುಮ್ಮನೆ ನಡೆಯುತ್ತವೆ.

ಬಣ್ಣಗಳ ವಿಚಾರದಲ್ಲಿಯೂ ಗಮನಿಸಬೇಕಾದದ್ದಿದೆ. ಸೈಕೆಡೆಲಿಕ್ ಎಂದೊಡನೆ ನಾವು ನಿರೀಕ್ಷಿಸುವ ಝಗಝಗಿಸುವ ವರ್ಣಗಳು ಇಲ್ಲಿ ವಿರಳ. ಹಳೆಯ ಛಾಯಾಚಿತ್ರದಂತೆ ಮಾಸಿದ, ಬಿಸಿಲಿಗೆ ಬಿಳಿಚಿಕೊಂಡ ಬಣ್ಣಗಳೇ ಹೆಚ್ಚು. ವಿಚಿತ್ರವೆಲ್ಲ ಇರುವುದು ರೂಪಾಂತರಗಳಲ್ಲಿ.

ರೂಪಾಂತರ ಅನಿಮೇಷನ್ನಿನ ಮೂಲಗುಣ. ಫ್ರಾನ್ಸಿನ ಎಮಿಲ್ ಕೋಲ್ 1908ರಲ್ಲಿ ರಚಿಸಿದ ‘ಫಾಂಟಾಸ್ಮಗೋರಿ’ ಎಂಬ ಪುಟ್ಟ ಚಿತ್ರದಲ್ಲಿಯೇ ಒಂದು ವಸ್ತು ಕಣ್ಣೆದುರೇ ಇನ್ನೊಂದಾಗುತ್ತದೆ. ಕ್ಯಾಮರಾ ಹಿಡಿದು ತೆಗೆಯುವ ಚಿತ್ರದಲ್ಲಿ ಆನೆ ಎಂದರೆ ಆನೆಯೇ. ಕೈಯಿಂದ ಬರೆಯುವ ಚಿತ್ರದಲ್ಲಿ ಆನೆಯೂ ನೀರೂ ಒಂದೇ ರೇಖೆಯ ಎರಡು ಬಾಗುಗಳು. ಸೆಕೆಂಡಿಗೆ 24 ಚೌಕಟ್ಟುಗಳು ಓಡುವ ಸಿನಿಮಾದಲ್ಲಿ ಜಪಾನಿನ ಸಾಮಾನ್ಯ ಟಿವಿ ಅನಿಮೇಷನ್ ಒಂದೊಂದು ಚಿತ್ರವನ್ನು ಮೂರು ಚೌಕಟ್ಟುಗಳಷ್ಟು ಕಾಲ ನಿಲ್ಲಿಸುವುದು ವಾಡಿಕೆ, ಅಂದರೆ ಸೆಕೆಂಡಿಗೆ ಸುಮಾರು 8 ಚಿತ್ರಗಳು. ಮಿತವ್ಯಯಕ್ಕಾಗಿ ಬೆಳೆದ ಈ ಪದ್ಧತಿಯಲ್ಲಿ ರೂಪ ಕರಗುವಂಥ ಚಲನೆಗೆ ಅವಕಾಶ ಕಡಿಮೆ. ಆದರೆ 1983ರಲ್ಲಿ ‘ಡಲ್ಲೋಸ್’ ಎಂಬ ಸರಣಿಯೊಂದಿಗೆ ಜಪಾನಿನಲ್ಲಿ ನೇರವಾಗಿ ವಿಡಿಯೋ ಮಾರುಕಟ್ಟೆಗೆಂದೇ ಅನಿಮೇಷನ್ ತಯಾರಿಸುವ ಪರಿಪಾಠ ಆರಂಭವಾಯಿತು. ವಾರವಾರದ ಪ್ರಸಾರದ ಒತ್ತಡವಾಗಲಿ, ಟಿವಿ ಪ್ರಾಯೋಜಕರ ಅಂಕುಶವಾಗಲಿ ಅಲ್ಲಿರಲಿಲ್ಲ. ‘ಕ್ಯಾಟ್ ಸೂಪ್’ ಕೂಡ ಈ ದಾರಿಯಲ್ಲಿಯೇ ಬಂದ ಚಿತ್ರ. ಟಿವಿಗಾಗಿ ಮಾಡಿದ್ದರೆ ಇದು ಹೀಗಿರಲು ಸಾಧ್ಯವಿರಲಿಲ್ಲ ಎನ್ನಬಹುದು.

ರೂಪಾಂತರಗಳು ಮನಬಂದಂತೆ ನಡೆಯುತ್ತವೆ ಎಂದು ತೋರಿದರೂ ಅವು ಮೂರು ಎಳೆಗಳಲ್ಲಿ ಪೋಣಿಸಿಕೊಂಡಿವೆ. ಮೊದಲನೆಯದು ನೀರು. ತಮ್ಮ ಮುಳುಗಿದ್ದು ತೊಟ್ಟಿಯ ನೀರಿನಲ್ಲಿ. ಆ ನೀರು ಮುಂದೆ ನೆರೆಯಾಗುತ್ತದೆ, ಕಡಲಾಗುತ್ತದೆ, ಇಲ್ಲವಾಗಿ ಮರಳುಗಾಡಾಗುತ್ತದೆ, ಆನೆಯಾಗುತ್ತದೆ, ಕೊಪ್ಪರಿಗೆಯ ಸಾರಾಗುತ್ತದೆ. ಇಡೀ ಪಯಣ ಮುಳುಗುತ್ತಿರುವ ಮಗುವೊಂದರ ಕೊನೆಯ ಗಳಿಗೆಗಳ ಕನಸೇ ಎಂಬ ಸಂಶಯ ಚಿತ್ರದುದ್ದಕ್ಕೂ ಕಾಡುತ್ತದೆ. ಚಿತ್ರ ಅದನ್ನು ದೃಢಪಡಿಸುವುದೂ ಇಲ್ಲ, ನಿರಾಕರಿಸುವುದೂ ಇಲ್ಲ.

ಎರಡನೆಯದು ಊಟ. ಎಲ್ಲರೂ ಯಾರನ್ನೋ ತಿನ್ನುತ್ತಿರುತ್ತಾರೆ. ಬೆಕ್ಕುಗಳು ಹಂದಿಯನ್ನು ತಿನ್ನುತ್ತವೆ, ಬೆಕ್ಕುಗಳನ್ನು ತಿನ್ನಲು ಇನ್ನೊಬ್ಬ ಕಾದಿರುತ್ತಾನೆ. ದೋಣಿಯಲ್ಲಿ ಜೊತೆಗಿದ್ದ ಹಂದಿ ಗೆಳೆಯನೂ ಹೌದು, ಆಹಾರವೂ ಹೌದು. ಅಕ್ಕನಿಗಾಗಿ ಜಗತ್ತನ್ನೇ ಸುತ್ತುವ ತಮ್ಮ ಆ ಹಂದಿಯ ವಿಷಯದಲ್ಲಿ ಕರುಣೆಯಿಲ್ಲದವನು. ನೆಕೋಜಿರು ಅವರ ಚಿತ್ರಕಥೆಗಳ ಕಹಿ ಸತ್ಯ ಇಲ್ಲಿ ಯಥಾವತ್ತಾಗಿ ಉಳಿದಿದೆ: ನಮ್ಮವರೆಂದರೆ ಪ್ರಾಣ ಕೊಡುವವರೇ ನಮ್ಮವರಲ್ಲದವರ ನೋವನ್ನು ನೋವೆಂದು ಎಣಿಸುವುದಿಲ್ಲ.

ಮೂರನೆಯದು ಕಾಲ. ಕಾಲ ಕೆಟ್ಟು ನಿಂತಾಗ ಇಡೀ ಜಗತ್ತು ಅಚಲವಾಗಿ, ಮಕ್ಕಳು ಮಾತ್ರ ಅದರ ನಡುವೆ ಓಡಾಡುತ್ತಾರೆ. ಬಳಿಕ ಅದು ಹಿಮ್ಮುಖವಾಗಿ ಓಡಿದಾಗ, ಆಗಿಹೋದ ಕೇಡುಗಳೆಲ್ಲ ಆಗದಂತೆ ಮರಳಿ ಸುತ್ತಿಕೊಳ್ಳುತ್ತವೆ. ಸಾವನ್ನು ಕಂಡ ಮನೆಯಲ್ಲಿ ಎಲ್ಲರೂ ಒಮ್ಮೆಯಾದರೂ ಬಯಸುವುದು ಇದನ್ನೇ: ನಿನ್ನೆಯ ದಿನ ಮತ್ತೊಮ್ಮೆ ಬರಬಾರದೇ, ಆ ಗಳಿಗೆಯೊಂದು ತಪ್ಪಬಾರದಿತ್ತೇ ಎಂದು. ಚಿತ್ರ ಆ ಬಯಕೆಯನ್ನು ಕಣ್ಣಿಗೆ ಕಾಣಿಸುತ್ತದೆ. ಬಳಿಕ ಕಾಲ ಮತ್ತೆ ಮುಂದಕ್ಕೆ ಸಾಗುತ್ತದೆ.

ಅರ್ಧ ಮರಳಿದವರು

ಹೀಗೆ ನೋಡಿದಾಗ ಚಿತ್ರದ ಕೇಂದ್ರದಲ್ಲಿರುವುದು ನೆರೆಯೂ ಅಲ್ಲ, ಆನೆಯೂ ಅಲ್ಲ. ಬಾಯಿಗೆ ತುತ್ತಿಟ್ಟರೆ ತಿನ್ನುವ, ಕರೆದರೆ ತಿರುಗಿ ನೋಡದ ಆ ಅಕ್ಕ. ಪಾರ್ಶ್ವವಾಯುವಿನಿಂದಲೋ, ತಲೆಗೆ ಬಿದ್ದ ಪೆಟ್ಟಿನಿಂದಲೋ, ಮರೆವಿನ ಕಾಯಿಲೆಯಿಂದಲೋ, ಆಳವಾದ ಖಿನ್ನತೆಯಿಂದಲೋ ತಮ್ಮವರು ‘ಉಳಿದೂ ಇಲ್ಲದಂತಾದ’ ಸ್ಥಿತಿಯನ್ನು ಕಂಡ ಮನೆಗಳು ಎಷ್ಟಿಲ್ಲ? ಆಸ್ಪತ್ರೆಯ ಭಾಷೆಯಲ್ಲಿ ಅದು ಚೇತರಿಕೆ. ನೆಂಟರು ಬಂದು “ಜೀವ ಉಳಿಯಿತಲ್ಲ, ಅದೇ ದೊಡ್ಡದು” ಎನ್ನುತ್ತಾರೆ. ಅದು ನಿಜವೂ ಹೌದು. ಆದರೆ ದಿನವೂ ಅವರ ಕೈಹಿಡಿದು ನಡೆಸುವವರಿಗೆ ಗೊತ್ತು, ಉಳಿದರ್ಧ ಇನ್ನೂ ಬಂದಿಲ್ಲ ಎಂದು. ಸತ್ತವರಿಗಾಗಿ ಅಳಲು ಸಮಾಜದಲ್ಲಿ ಒಂದು ವಿಧಿಯಿದೆ, ದಿನಗಳ ಲೆಕ್ಕವಿದೆ. ಅರ್ಧ ಉಳಿದವರಿಗಾಗಿ ಅಳಲು ಯಾವ ವಿಧಿಯೂ ಇಲ್ಲ.

ಈ ದುಃಖವನ್ನು ಸಾಮಾನ್ಯ ಚಿತ್ರವೊಂದು ಸಂಭಾಷಣೆಯಲ್ಲಿ ಹೇಳಿಬಿಡುತ್ತದೆ. ‘ಕ್ಯಾಟ್ ಸೂಪ್’ ಹೇಳುವುದಿಲ್ಲ. ಒಂದು ಮಗು ಅದನ್ನು ಹೇಗೆ ಅನುಭವಿಸೀತೋ ಹಾಗೆ ತೋರಿಸುತ್ತದೆ: ಭೂಮಿ ನೀರಾಗುವಂತೆ, ನೀರು ಮರಳಾಗುವಂತೆ, ಗಡಿಯಾರ ನಿಲ್ಲುವಂತೆ. ಮಗುವಿಗೆ ಅಕ್ಕ ಹೀಗಾದ ಮೇಲೆ ಹಂದಿಗೆ ಜಿಪ್ ಇರುವುದೇನೂ ಹೆಚ್ಚಿನ ಅಚ್ಚರಿಯಲ್ಲ. ಈ ಚಿತ್ರಕ್ಕೆ ಸೈಕೆಡೆಲಿಕ್ ಎಂಬ ಮಾತು ಒಪ್ಪುವುದಾದರೆ ಅದು ಆಸ್ಮಂಡ್ ಕೊಟ್ಟ ಮೂಲಾರ್ಥದಲ್ಲಿಯೇ. ಇಲ್ಲಿ ಪ್ರಕಟವಾಗಿರುವುದು ಒಂದು ಪುಟ್ಟ ಮನಸ್ಸು.

ಚಿತ್ರ ಮಾಡಿದವರ ಸ್ಥಿತಿಯೂ ತಮ್ಮನ ಸ್ಥಿತಿಗೆ ದೂರವಿರಲಿಲ್ಲ ಎಂದು ಭಾವಿಸಲು ಅವಕಾಶವಿದೆ. ಹೊರಟುಹೋದ ಕಲಾವಿದೆಯ ಅರ್ಧ, ಅಂದರೆ ಆಕೆಯ ರೇಖೆಗಳು ಮಾತ್ರ ಅವರ ಕೈಯಲ್ಲಿ ಉಳಿದಿದ್ದವು. ಅದಕ್ಕೆ ಜೀವ ಬರಿಸಲು ಅವರು ಹೊರಟರು. ಇದು ನಮ್ಮ ಓದು ಮಾತ್ರ, ಅವರೇ ಹಾಗೆಂದಿದ್ದಾರೆ ಎಂಬುದಲ್ಲ. ಆದರೆ ಚಿತ್ರ ಮುಗಿದ ಮೇಲೆ ಈ ವಿಚಾರ ಮನಸ್ಸಿನಿಂದ ಸುಲಭವಾಗಿ ಹೋಗುವುದಿಲ್ಲ.

ನೋಡುವ ಮುನ್ನ

ಕೆಲವು ಸೂಚನೆಗಳು ಅಗತ್ಯ. ಪೋಸ್ಟರಿನಲ್ಲಿರುವ ಮುದ್ದು ಬೆಕ್ಕುಗಳನ್ನು ಕಂಡು ಇದನ್ನು ಮಕ್ಕಳಿಗೆ ತೋರಿಸಬಾರದು. ದೇಹವನ್ನು ಕತ್ತರಿಸುವ, ಪ್ರಾಣಿಯನ್ನು ಹಿಂಸಿಸುವ ದೃಶ್ಯಗಳು ಇಲ್ಲಿವೆ. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡವರು, ಮನಸ್ಸು ಕುಗ್ಗಿರುವವರು ಒಂಟಿಯಾಗಿ ನೋಡದಿರುವುದೇ ಲೇಸು.

ಒಟ್ಟಾರೆ ಪ್ರಾಯೋಗಿಕ ಅನಿಮೇಷನ್ ನೋಡುವವರಿಗೆ ಇನ್ನೊಂದು ಎಚ್ಚರಿಕೆ. ವೇಗವಾಗಿ ಮಿನುಗುವ ಬೆಳಕು ಕೆಲವರಲ್ಲಿ ಅಪಸ್ಮಾರದಂತಹ ಸೆಳೆತವನ್ನು ಉಂಟುಮಾಡಬಲ್ಲದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ‘ಪೊಕೆಮಾನ್’ ಸರಣಿಯ ಒಂದು ಕಂತಿನಲ್ಲಿ ಕೆಂಪು ಮತ್ತು ನೀಲಿ ಬೆಳಕು ಅತಿವೇಗದಲ್ಲಿ ಮಿನುಗಿದ ಪರಿಣಾಮವಾಗಿ ಆರುನೂರಕ್ಕೂ ಹೆಚ್ಚು ಮಂದಿ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಬೇಕಾಯಿತು. ಆ ಬಳಿಕ ಅಲ್ಲಿನ ಪ್ರಸಾರಕರು ಮಾರ್ಗಸೂಚಿಗಳನ್ನು ರೂಪಿಸಿದರು. ಕೋಣೆಯಲ್ಲಿ ಬೆಳಕಿರಲಿ, ಪರದೆಯಿಂದ ದೂರ ಕುಳಿತಿರಿ ಎಂಬ ಸೂಚನೆ ಜಪಾನೀ ಕಾರ್ಯಕ್ರಮಗಳ ಆರಂಭದಲ್ಲಿ ಇಂದಿಗೂ ಕಾಣಿಸುತ್ತದೆ. ಈ ಬಗೆಯ ಚಿತ್ರಗಳನ್ನು ಕತ್ತಲೆಯಲ್ಲಿ ನೋಡಬೇಕೆಂಬ ಉತ್ಸಾಹಿಗಳ ಸಲಹೆಗಿಂತ ಇದು ಒಳ್ಳೆಯದು.

ಸಾಧ್ಯವಾದರೆ ಎರಡು ಬಾರಿ ನೋಡಿ. ಮೊದಲ ಬಾರಿ ಏನನ್ನೂ ಬಿಡಿಸಲು ಹೋಗದೆ, ತಮ್ಮನ ಕೈಯನ್ನು ಮಾತ್ರ ಹಿಂಬಾಲಿಸಿ. ಎರಡನೆಯ ಬಾರಿ ನೀರು, ಊಟ, ಕಾಲ ಎಂಬ ಮೂರು ಎಳೆಗಳನ್ನು ಗಮನಿಸಿ. ಅರ್ಧ ಗಂಟೆಯ ಚಿತ್ರವಾದ್ದರಿಂದ ಇದು ಭಾರವಾಗದು.

ಇದೇ ದಾರಿಯಲ್ಲಿ ಮುಂದುವರಿಯಬಯಸುವವರಿಗೆ ಎರಡು ಹೆಸರುಗಳನ್ನು ಸೂಚಿಸಬಹುದು. ಒಸಾಮು ತೆಜುಕಾ ಅವರ 1984ರ ‘ಜಂಪಿಂಗ್’ ಚಿತ್ರದಲ್ಲಿ, ನೆಗೆಯುತ್ತಾ ಹೋಗುವ ಯಾರದೋ ಕಣ್ಣಿನ ಮೂಲಕ ನಾವು ಬೀದಿಯಿಂದ ಆಕಾಶಕ್ಕೂ ಯುದ್ಧಭೂಮಿಗೂ ಹಾರುತ್ತೇವೆ. ಕೋಜಿ ಯಾಮಾಮುರ ಅವರ 2002ರ ‘ಅತಾಮಾ-ಯಾಮಾ’ ಚಿತ್ರದಲ್ಲಿ ಚೆರ್ರಿ ಬೀಜಗಳನ್ನು ನುಂಗಿದ ಜಿಪುಣನೊಬ್ಬನ ತಲೆಯ ಮೇಲೆ ಮರ ಬೆಳೆಯುತ್ತದೆ, ಜನ ಅದರಡಿ ವನಭೋಜನಕ್ಕೆ ಬರುತ್ತಾರೆ. ಜಪಾನಿನ ಸಾಂಪ್ರದಾಯಿಕ ಹಾಸ್ಯ ಕಥನಕಲೆಯಾದ ‘ರಾಕುಗೋ’ದಿಂದ ಎತ್ತಿಕೊಂಡ ಈ ಕಥೆ 2003ರಲ್ಲಿ ಫ್ರಾನ್ಸಿನ ಆನೆಸಿ ಉತ್ಸವದ ಅತ್ಯುನ್ನತ ಕಿರುಚಿತ್ರ ಪ್ರಶಸ್ತಿಯನ್ನು ಗಳಿಸಿತು, ಆಸ್ಕರ್‌ಗೂ ನಾಮನಿರ್ದೇಶನಗೊಂಡಿತು. ‘ಕ್ಯಾಟ್ ಸೂಪ್’ ತಂಡದ ಯುವಾಸ 2004ರಲ್ಲಿ ‘ಮೈಂಡ್ ಗೇಮ್’ ಎಂಬ ಪೂರ್ಣಾವಧಿ ಚಿತ್ರ ನಿರ್ದೇಶಿಸಿದರು. ಅವರ ಇನ್ನೊಂದು ಚಿತ್ರ 2017ರಲ್ಲಿ ಆನೆಸಿಯಲ್ಲಿ ಪೂರ್ಣಾವಧಿ ಚಿತ್ರಗಳ ಅಗ್ರ ಪ್ರಶಸ್ತಿ ಪಡೆಯಿತು.

‘ಕ್ಯಾಟ್ ಸೂಪ್’ ಹೂವು ಸಿಕ್ಕಿದಲ್ಲಿಗೆ ಮುಗಿಯುವುದಿಲ್ಲ. ಅಕ್ಕನ ಕಣ್ಣಿಗೆ ನೋಟ ಮರಳುತ್ತದೆ, ಮಕ್ಕಳು ಮನೆ ಸೇರುತ್ತಾರೆ, ಮನೆಯವರೆಲ್ಲ ಎಂದಿನಂತೆ ಒಟ್ಟಿಗೆ ಕುಳಿತಿರುತ್ತಾರೆ. ಆಮೇಲೆ ಅವರು ಒಬ್ಬೊಬ್ಬರಾಗಿ, ಯಾರೋ ಒಂದೊಂದೇ ದೀಪವನ್ನು ಆರಿಸುತ್ತಾ ಹೋದಂತೆ, ಸದ್ದಿಲ್ಲದೆ ಮರೆಯಾಗುತ್ತಾರೆ. ಯಾಕೆ ಎಂದು ಚಿತ್ರ ಹೇಳುವುದಿಲ್ಲ. ಇಷ್ಟೆಲ್ಲ ಕಷ್ಟಪಟ್ಟು ಮರಳಿ ಪಡೆದದ್ದು ಎಷ್ಟು ಹೊತ್ತು ನಮ್ಮದಾಗಿರುತ್ತದೆ ಎಂಬ ಪ್ರಶ್ನೆಯೊಂದಿಗೆ ನೋಡುಗ ಮಾತ್ರ ಪರದೆಯ ಎದುರು ಉಳಿಯುತ್ತಾನೆ. ಆಗ ಪಕ್ಕದ ಕೋಣೆಯಲ್ಲಿ ಮನೆಯವರ ಸದ್ದು ಕೇಳಿಸಿದರೆ, ಎದ್ದು ಹೋಗಿ ಒಂದಿಷ್ಟು ಹೊತ್ತು ಅವರ ಬಳಿ ಕೂರಬೇಕೆನಿಸುತ್ತದೆ.